ಲೇಸರ್ ಬೆಳಕು ಚಿತ್ರದ ವಯಸ್ಸು ಹೇಳದು

ಪ್ರಶ್ನೆ: ನಮ್ಮ ದೇವರ ಮನೆಯಲ್ಲಿ ಮುತ್ತಜ್ಜನ ಕಾಲದ ಮೈಸೂರು ಶೈಲಿಯ ಚಿತ್ರವಿದೆ. ಲೇಸರ್ ಪ್ರತಿದೀಪ್ತಿ ಪರೀಕ್ಷೆ ಮಾಡಿ, ಎಷ್ಟು ವರ್ಷ ಹಳೆಯದೆಂದು ಸರ್ಟಿಫಿಕೇಟ್ ಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಈ ಪ್ರಶ್ನೆ ಬಂದಾಗಲೆಲ್ಲ ಅದರ ಹಿಂದೆ ಸರ್ಟಿಫಿಕೇಟ್ ಮಾರುವವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

355 ನ್ಯಾನೊಮೀಟರಿನ ಅತಿನೇರಳೆ ಲೇಸರ್ ಬಿದ್ದಾಗ ವಾರ್ನಿಷ್, ಅಂಟು, ಕೆಲವು ಬಣ್ಣಗಳು ಬೆಳಕು ಸೂಸುತ್ತವೆ. ಆ ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿ ನಕ್ಷೆಯಾಗಿ ನೋಡುತ್ತೇವೆ. ಸತುವಿನ ಬಿಳಿ, ಅಂದರೆ ಸತುವಿನಿಂದ ಮಾಡಿದ ಬಿಳಿ ಬಣ್ಣ, 380 ನ್ಯಾನೊಮೀಟರಿನ ಹತ್ತಿರ ಚೂಪಾದ ಶಿಖರ ಕೊಡುತ್ತದೆ, ಗುರುತಿಸುವುದು ಸುಲಭ. ಅಂಟು, ವಾರ್ನಿಷ್‌ಗಳದ್ದು ಅಗಲವಾದ ದಿಬ್ಬ. ಒಂದು ಇನ್ನೊಂದರ ಮೇಲೆ ಬಿದ್ದು ಗೊಂದಲವಾಗುತ್ತದೆ. ವಾರ್ನಿಷ್ ಹಳತಾದಂತೆ ಆ ದಿಬ್ಬ ಕೆಂಪಿನ ಕಡೆಗೆ ಸರಿಯುವುದು ನಿಜ. ಆದರೆ ಕಿಟಕಿಯ ಬಿಸಿಲು, ನಂದಾದೀಪದ ಶಾಖ ಎರಡೂ ವಾರ್ನಿಷನ್ನು ಬೇಗ ಮುದಿಯಾಗಿಸುತ್ತವೆ. ಹಾಗಿರುವಾಗ ಅದು ಸರಿದ ದೂರವನ್ನು ವರ್ಷಗಳಿಗೆ ಲೆಕ್ಕ ಹಾಕುವುದು ಹೇಗೆ?

'ಸತುವಿನ ಬಿಳಿ ಸಿಕ್ಕಿತು, ಹಾಗಾಗಿ 1834ರ ನಂತರದ್ದು' ಎಂಬ ವಾದವೂ ಕೇಳಿಬರುತ್ತದೆ. ಆ ವರ್ಷ ಲಂಡನ್ನಿನಲ್ಲಿ ಅದು ಜಲವರ್ಣವಾಗಿ ಮಾರಾಟಕ್ಕೆ ಬಂತು; ಯುರೋಪಿನ ಚಿತ್ರಗಳಿಗೆ 1834ರ ಆ ಗಡಿಗೆರೆ ಉಪಯೋಗಕ್ಕೆ ಬರುತ್ತದೆ. ರಾಜಸ್ಥಾನದ ಜಾವರ್‌ನಲ್ಲಿ ಅದಕ್ಕೂ ಶತಮಾನಗಳ ಮೊದಲೇ ಸತು ತೆಗೆಯುತ್ತಿದ್ದರು. ನಮ್ಮ ಚಿತ್ರಗಳಿಗೆ ಆ ಗೆರೆಯನ್ನು ಕಣ್ಣುಮುಚ್ಚಿ ಎಳೆಯಲು ನಾನು ಒಪ್ಪಲಾರೆ. ಮೇಲಾಗಿ ಆ ಸತು ಮೂಲ ಬಣ್ಣದಲ್ಲಿದೆಯೋ, ಆಮೇಲೆ ಯಾರೋ ಹಚ್ಚಿದ ತೇಪೆಯಲ್ಲಿದೆಯೋ? ಚಿತ್ರದ ಹಲವು ಜಾಗಗಳಲ್ಲಿ ಅಳೆದು ಹೋಲಿಸಿದರೆ ಅದರ ಸುಳಿವು ಸಿಗುತ್ತದೆ. ಈ ವಿಧಾನದ ನಿಜವಾದ ಬಲ ಇರುವುದು ಇಲ್ಲೇ. ಟೈಟಾನಿಯಂ ಬಿಳಿ ಬಳಕೆಗೆ ಬಂದದ್ದು 1920ರ ಆಸುಪಾಸಿನಲ್ಲಿ. ಅದು ಮೂಲ ಪದರದಲ್ಲೇ ಇದ್ದರೆ ಇನ್ನೂರು ವರ್ಷದ ಮಾತು ಬಿದ್ದುಹೋಗುತ್ತದೆ. ಆದರೆ ಟೈಟಾನಿಯಂ ಇದೆಯೆಂದು ಖಚಿತವಾಗಿ ಹೇಳಲು ಎಕ್ಸ್‌-ರೇ ಫ್ಲೋರೊಸೆನ್ಸ್ ಎಂಬ, ಮೂಲಧಾತುಗಳನ್ನು ಗುರುತಿಸುವ ಬೇರೆಯೇ ಪರೀಕ್ಷೆ ಬೇಕು. ಒಂದೇ ಯಂತ್ರ ಹಿಡಿದು ಎಲ್ಲಕ್ಕೂ ಉತ್ತರ ಕೊಡುವವರಿಂದ ದೂರವಿರಿ.

ಪ್ರಶ್ನೆ: ಲೇಸರ್‌ನಿಂದ ಚಿತ್ರ ಹಾಳಾಗುವುದಿಲ್ಲವೇ?

ಉತ್ತರ: ಶಕ್ತಿ ಮಿತಿಯಲ್ಲಿದ್ದರೆ ಇಲ್ಲ, ಮೀರಿದರೆ ಸೀಸದ ಬಿಳಿ ಕಪ್ಪಾಗುತ್ತದೆ. ಎಷ್ಟು ಶಕ್ತಿ ಹಾಯಿಸುತ್ತೀರಿ ಎಂದು ಕೇಳಿ. ತಕ್ಷಣ ಅಂಕಿ ಹೇಳಲಾರದವರ ಕೈಗೆ ನಾನಂತೂ ಚಿತ್ರ ಕೊಡುವುದಿಲ್ಲ.

ಪ್ರಶ್ನೆ: ಯುವಿ (ಅತಿನೇರಳೆ) ಟಾರ್ಚ್ ಸಾಲದೇ?

ಉತ್ತರ: ತೇಪೆ ಹುಡುಕಲು ಸಾಕು, ವಸ್ತುವಿನ ಹೆಸರು ಹೇಳಲು ಸಾಲದು.

ಪ್ರಶ್ನೆ: ಪರೀಕ್ಷೆಗೆ ಮುಂಚೆ ತೆಂಗಿನೆಣ್ಣೆಯಿಂದ ಒರೆಸಲೇ?

ಉತ್ತರ: ಖಂಡಿತ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ. ಹಳತಾದ ಎಣ್ಣೆಯ ಪದರವೂ ಬೆಳಕು ಸೂಸಿ ಅಳತೆ ಕೆಡಿಸುತ್ತದೆ. ಆಲೂಗಡ್ಡೆ, ನಿಂಬೆಹುಳಿಗಳನ್ನೂ ಅಡುಗೆ ಮನೆಯಲ್ಲೇ ಬಿಡಿ.