ಪಾಲಿಸಿ ಕೊಟ್ಟರೂ ರೆಕಾರ್ಡಿಂಗ್ ಆಗುತ್ತಿಲ್ಲವೇ?

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಆನ್‌ಲೈನ್ ತರಗತಿಗಳು ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನಡೆಯುತ್ತವೆ. ಅಧ್ಯಾಪಕರ ಗ್ರೂಪ್‌ಗೆ ರೆಕಾರ್ಡಿಂಗ್ ಅನುಮತಿಯಿರುವ ಮೀಟಿಂಗ್ ಪಾಲಿಸಿ (ಮೀಟಿಂಗ್‌ನಲ್ಲಿ ಯಾರು ಏನು ಮಾಡಬಹುದೆಂಬ ಸೆಟ್ಟಿಂಗ್‌ಗಳ ಕಟ್ಟು) ಕೊಟ್ಟು ಎರಡು ದಿನವಾಯಿತು. ಕೆಲವರಿಗೆ ಮಾತ್ರ ಇನ್ನೂ ರೆಕಾರ್ಡ್ ಮಾಡಲಾಗುತ್ತಿಲ್ಲ. ಏಕೆ?

ಉತ್ತರ: ಬದಲಾವಣೆ ಜಾರಿಯಾಗಲು 24 ಗಂಟೆಯವರೆಗೂ ಹಿಡಿಯಬಹುದು. ನಿಮ್ಮಲ್ಲಿ ಆ ಅವಧಿ ಮುಗಿದಿದೆ. ಹಾಗಾಗಿ ಮೊದಲು ಆ ಕೆಲವರ ಖಾತೆಗಳನ್ನೇ ತೆರೆದು ನೋಡಿ. ಟೀಮ್ಸ್ ಅಡ್ಮಿನ್ ಸೆಂಟರ್‌ನ ಯೂಸರ್ಸ್ ವಿಭಾಗದಲ್ಲಿ ಹೆಸರು ಒತ್ತಿ, ಪಾಲಿಸೀಸ್ ಟ್ಯಾಬ್‌ಗೆ ಹೋಗಿ. ಹಿಂದೆ ಯಾರೋ ಖಾತೆಗೆ ನೇರವಾಗಿ ಬೇರೆ ಪಾಲಿಸಿ ಕೊಟ್ಟಿದ್ದರೆ ಅದೇ ಗೆಲ್ಲುತ್ತದೆ, ಗ್ರೂಪ್‌ನದು ಲೆಕ್ಕಕ್ಕೆ ಬರುವುದಿಲ್ಲ. ನೇರವಾಗಿ ಕೊಟ್ಟದ್ದನ್ನು ತೆಗೆದರೆ ಗ್ರೂಪ್‌ನ ಪಾಲಿಸಿ ತಾನಾಗಿ ಹಿಡಿಯುತ್ತದೆ. ಎರಡೂ ಇಲ್ಲದವರಿಗೆ ಗ್ಲೋಬಲ್ ಪಾಲಿಸಿ, ಅಂದರೆ ಇಡೀ ಸಂಸ್ಥೆಗಿರುವ ಡಿಫಾಲ್ಟ್ ಪಾಲಿಸಿ, ಅನ್ವಯಿಸುತ್ತದೆ.

ಒಬ್ಬರೇ ಎರಡು ಗ್ರೂಪ್‌ಗಳಲ್ಲಿದ್ದರೆ ರ‍್ಯಾಂಕ್ ನೋಡಿ. ಇದು ಗ್ರೂಪ್‌ಗೆ ಪಾಲಿಸಿ ಕೊಡುವಾಗ ಹಾಕುವ ಆದ್ಯತೆಯ ಸಂಖ್ಯೆ; 1 ಎಂದಿರುವುದಕ್ಕೆ ಮೊದಲ ಮನ್ನಣೆ. ಇನ್ನು, ವಿಭಾಗವಾರು ಗ್ರೂಪ್‌ಗಳನ್ನು ದೊಡ್ಡದೊಂದು ಗ್ರೂಪ್‌ನೊಳಗೆ ಸೇರಿಸಿ ಅದಕ್ಕೆ ಪಾಲಿಸಿ ಕೊಟ್ಟಿದ್ದರೆ ಒಳಗಿನ ಗ್ರೂಪ್‌ಗಳ ಸದಸ್ಯರಿಗೆ ಅದು ತಲುಪುವುದೇ ಇಲ್ಲ. ಅಂಥವರನ್ನು ನೇರ ಸದಸ್ಯರನ್ನಾಗಿ ಸೇರಿಸಬೇಕು.

ಇದೆಲ್ಲ ಸರಿಯಿದ್ದೂ ಆಗದಿದ್ದರೆ, ತರಗತಿಯನ್ನು ಶೆಡ್ಯೂಲ್ ಮಾಡಿದವರು ಯಾರೆಂದು ವಿಚಾರಿಸಿ. ರೆಕಾರ್ಡಿಂಗ್‌ಗೆ ಮೀಟಿಂಗ್ ಏರ್ಪಡಿಸಿದವರಿಗೂ ಅನುಮತಿ ಇರಬೇಕು, ರೆಕಾರ್ಡಿಂಗ್ ಶುರು ಮಾಡುವವರಿಗೂ ಇರಬೇಕು. ವೇಳಾಪಟ್ಟಿಯನ್ನು ಕಚೇರಿ ಗುಮಾಸ್ತರ ಖಾತೆಯಿಂದ ಹಾಕಿದ್ದು, ಅವರು ಅಧ್ಯಾಪಕರ ಗ್ರೂಪ್‌ನಲ್ಲಿ ಇಲ್ಲದಿದ್ದರೆ ಪಾಠ ಮಾಡುವವರು ಏನು ಮಾಡಿದರೂ ರೆಕಾರ್ಡ್ ಆಗದು. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ.

ಗ್ಲೋಬಲ್ ಪಾಲಿಸಿಯನ್ನು ವಿದ್ಯಾರ್ಥಿಗಳಿಗೆಂದೇ ಬಿಗಿಗೊಳಿಸಿ: ರೆಕಾರ್ಡಿಂಗ್, ಮೀಟಿಂಗ್ ಶೆಡ್ಯೂಲ್, ಮೀಟ್ ನೌ (ತಕ್ಷಣ ಮೀಟಿಂಗ್ ಶುರು ಮಾಡುವ ಸೌಲಭ್ಯ) ಮೂರನ್ನೂ ಆಫ್ ಮಾಡಿ. ಹೊಸದಾಗಿ ಸೇರಿದವರು ಯಾರ ಗಮನಕ್ಕೆ ಬಾರದಿದ್ದರೂ ತೊಂದರೆಯಾಗದು. ಅಧ್ಯಾಪಕರ ಪಾಲಿಸಿ ಪಕ್ಕಾ ಆಗುವ ತನಕ ಮಾತ್ರ ಇದಕ್ಕೆ ಕೈ ಹಾಕಬೇಡಿ, ಎಲ್ಲರ ತರಗತಿಯೂ ನಿಂತೀತು.

ಪ್ರಶ್ನೆ: ಟೀಮ್ಸ್ ನೋಡಿಕೊಳ್ಳುವ ಮೂವರು ಸಹಾಯಕರಿಗೆ ಗ್ಲೋಬಲ್ ಅಡ್ಮಿನ್ (ಎಲ್ಲದರ ಮೇಲೂ ಅಧಿಕಾರವಿರುವ ರೋಲ್) ಕೊಡಬೇಕೇ?

ಉತ್ತರ: ಖಂಡಿತ ಬೇಡ. ಟೀಮ್ಸ್ ಅಡ್ಮಿನಿಸ್ಟ್ರೇಟರ್ ರೋಲ್ ಸಾಕು. ಅದನ್ನು ಗ್ರೂಪ್‌ಗೇ ಕೊಡುವುದಾದರೆ ಎಂಟ್ರಾ ಐಡಿ (ಮೈಕ್ರೋಸಾಫ್ಟ್‌ನ ಖಾತೆ ನಿರ್ವಹಣಾ ಸೇವೆ) ಪಿ1 ಲೈಸೆನ್ಸ್ ಬೇಕು. ಗ್ರೂಪ್ ರಚಿಸುವಾಗಲೇ ರೋಲ್ ಕೊಡಬಹುದೆಂಬ ಆಯ್ಕೆಗೆ ‘ಯೆಸ್’ ಕೊಡಿ. ಆಮೇಲೆ ಅದನ್ನು ಬದಲಿಸಲಾಗದು, ಹಳೆಯ ಗ್ರೂಪ್ ಇದಕ್ಕೆ ಬಾರದು.