ಸಂಬಳ ಚೆನ್ನಾಗಿದ್ದರೆ ಸಾಲದಾ?

ಓದುಗರ ಪತ್ರ: "ಕೆಲಸಗಾರರ ಪರಕೀಯತೆ, ಅಂದರೆ ಮಾಡುವ ಕೆಲಸವೇ ತನ್ನದಲ್ಲ ಅನ್ನಿಸುವ ಸ್ಥಿತಿ, ಅದರ ಬಗ್ಗೆ ನಿಮ್ಮ ಲೇಖನ ಓದಿದೆ. ಅದೆಲ್ಲ ಹೊಗೆ ಕಾರುವ ಕಾರ್ಖಾನೆಗಳ ಕಾಲದ ಮಾತು. ಈಗ ಸಂಬಳ ಚೆನ್ನಾಗಿದೆ. ಬೇಜಾರಾದರೆ ಬಿಟ್ಟು ಬೇರೆ ಕೆಲಸ ಹುಡುಕಿಕೊಳ್ಳಬಹುದು. ಇಷ್ಟಕ್ಕೂ ಸಮಾಜವಾದಿ ದೇಶಗಳಲ್ಲಿ ಕೆಲಸಗಾರ ಏನು ರಾಜನಾಗಿದ್ದನಾ?"

ಸಂಪಾದಕರ ಉತ್ತರ: ನಿಮ್ಮ ಕೊನೆಯ ಏಟು ಸರಿಯಾಗೇ ಬಿದ್ದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬೇಜಾರಾದರೆ ಬಿಡಬಹುದು ಅಂದಿರಿ. ಬಿಟ್ಟವರ ಕತೆ ಒಂದಿದೆ. ಅಮೆರಿಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ 1913ರಲ್ಲಿ ಫೋರ್ಡ್ ಕಾರು ಕಂಪನಿ ಚಲಿಸುವ ಜೋಡಣಾ ಸಾಲು ಶುರುಮಾಡಿತು: ಕಾರು ಸಾಗುತ್ತಾ ಬರುತ್ತದೆ, ಒಬ್ಬೊಬ್ಬರು ಒಂದೊಂದು ಭಾಗ ಸೇರಿಸುತ್ತಾರೆ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ (ಕಾರಿನ ತಳದ ಚೌಕಟ್ಟು) ಜೋಡಣೆ ಕೆಲವೇ ತಿಂಗಳಲ್ಲಿ ಸುಮಾರು 93 ನಿಮಿಷಕ್ಕೆ ಇಳಿಯಿತು. ಬೋಲ್ಟ್ ತೂರಿಸುವವನು ನಟ್ ಹಾಕುವುದಿಲ್ಲ, ನಟ್ ಹಾಕುವವನು ಬಿಗಿ ಮಾಡುವುದಿಲ್ಲ. ಮಾಲೀಕ ಹೆನ್ರಿ ಫೋರ್ಡ್ ಅವರೇ ಹೆಮ್ಮೆಯಿಂದ ಬರೆದುಕೊಂಡ ಏರ್ಪಾಡು ಇದು. ಜನ ತಾಳಲಾರದೆ ಬಿಟ್ಟು ಹೋದರು. ಸುಮಾರು 14,000 ಜನ ಬೇಕಾದ ಕಾರ್ಖಾನೆಗೆ ಆ ವರ್ಷ 52,000ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಅಂತ ಸಾರಿದಾಗ ಗೇಟಿನ ಮುಂದೆ ಜನವೋ ಜನ. ಸಂಬಳ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಸಾಲಿನ ವೇಗ ಮಾತ್ರ ಕಂಪನಿ ಹೇಳಿದ್ದೇ. ಸಾಲದ್ದಕ್ಕೆ, ಪೂರ್ತಿ 5 ಡಾಲರ್ ಕೈಸೇರಬೇಕಾದರೆ ಕಂಪನಿಯವರು ಮನೆಗೇ ಬಂದು ವಿಚಾರಿಸುತ್ತಿದ್ದರು: ಕುಡೀತಾನಾ, ದುಡ್ಡು ಉಳಿಸ್ತಾನಾ?

ಈ ಪರಕೀಯತೆಯ ಬಗ್ಗೆ 1844ರಲ್ಲಿ ಮಾರ್ಕ್ಸ್ ಗೀಚಿಟ್ಟ ಟಿಪ್ಪಣಿಗಳು ಪೂರ್ತಿ ಅಚ್ಚಾದದ್ದು 1932ರಲ್ಲಿ. ಅವರ ದೂರು ಸಂಬಳದ ಆಚೆಗಿನದು. ಮಾಡಿದ ವಸ್ತು ನನ್ನದಲ್ಲ. ಮಾಡುವ ರೀತಿ ನನ್ನ ಕೈಯಲ್ಲಿಲ್ಲ. ಪಕ್ಕದಲ್ಲಿ ನಿಂತವನು ಪೈಪೋಟಿಗಾರ. ಯೋಚಿಸಿ ಏನನ್ನಾದರೂ ಮಾಡುವ ಮನುಷ್ಯನ ಗುಣ ಬರೀ ಹೊಟ್ಟೆಪಾಡಿಗೆ ಸವೆದುಹೋಗುತ್ತದೆ. ನಗುನಗುತ್ತಾ ಕೆಲಸಕ್ಕೆ ಹೋಗುವವನ ಮಟ್ಟಿಗೂ ಇದು ನಿಜ.

ಹೊಗೆ ಇಲ್ಲದ ಕಡೆಗೇ ಹೋಗೋಣ. ಕಾಲ್ ಸೆಂಟರ್. ಕಿವಿಗೆ ಹೆಡ್‌ಸೆಟ್, ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿವೆ. ಫೋನ್ ಮಾಡಿದವರ ಖಾತೆಯಿಂದ ಎರಡೆರಡು ಸಲ ದುಡ್ಡು ಕಟ್ ಆಗಿದೆ. ತಪ್ಪು ಎಲ್ಲಾಗಿದೆ ಅಂತ ಈ ಹುಡುಗಿಗೆ ಕಾಣುತ್ತಿದೆ, ಆದರೆ ಸರಿಮಾಡುವ ಬಟನ್ ಇವಳ ಪರದೆಯಲ್ಲಿಲ್ಲ. 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ' ಅಂತ ಓದುತ್ತಾಳೆ. ಅರ್ಥವಾಗಿರುತ್ತದೆ, ನಿಜವಾಗಿಯೂ. ಆದರೂ ಬರೆದುಕೊಟ್ಟ ಸಾಲನ್ನೇ ಓದಬೇಕು. ಮಾತು ಉದ್ದವಾದರೆ ಅವಳ ಅಂಕ ಕಮ್ಮಿ.

ಈಗ ನಿಮ್ಮ ಏಟಿಗೆ. ಗಡಿಯಾರ ಹಿಡಿದು ಕೆಲಸಗಾರನ ಒಂದೊಂದು ಚಲನೆಯನ್ನೂ ಅಳೆಯುವ ಅಮೆರಿಕದ ಟೇಲರ್ ಪದ್ಧತಿಯನ್ನು ನಾವೂ ಕಲಿಯಬೇಕು ಅಂತ 1918ರಲ್ಲೇ ರಷ್ಯಾದ ಕ್ರಾಂತಿಯ ನಾಯಕ ಲೆನಿನ್ ಹೇಳಿದ್ದರು. ಅಲ್ಲಿ ಕಾರ್ಖಾನೆಗಳ ಒಡೆತನ ಸರ್ಕಾರದ ಹೆಸರಿಗೆ ಬಂತು. ಹೇಳುವವರು ಮೇಲೆ, ಕೇಳುವವರು ಕೆಳಗೆ, ಅದು ಬದಲಾಗಲಿಲ್ಲ. ಇದರಿಂದ ಬಂಡವಾಳಶಾಹಿ ಖುಲಾಸೆ ಆಯಿತಾ? ನನಗೆ ಹಾಗನ್ನಿಸುವುದಿಲ್ಲ. ಸಮಾಜವಾದಿಗಳು ಎಡವಿದ್ದು ಬಂಡವಾಳಶಾಹಿಯನ್ನೇ ನಕಲು ಮಾಡಿದ ಜಾಗದಲ್ಲಿ.

ಬೇರೆ ಥರ ಮಾಡಿ ನೋಡಿದವರೂ ಇದ್ದರು. ಸ್ವೀಡನ್ನಿನ ಕಾಲ್ಮಾರ್‌ನಲ್ಲಿ 1974ರಲ್ಲಿ ವೋಲ್ವೋ ತೆರೆದ ಕಾರ್ಖಾನೆಯಲ್ಲಿ ಹಳೇ ಥರದ ಸಾಲು ಇರಲಿಲ್ಲ. ಸಣ್ಣ ಸಣ್ಣ ಗುಂಪು, ಕೆಲಸ ಹಂಚಿಕೊಳ್ಳುವುದು, ಅದಲುಬದಲು ಮಾಡಿಕೊಳ್ಳುವುದು ಎಲ್ಲ ಅವರವರಲ್ಲೇ. ಇಪ್ಪತ್ತು ವರ್ಷ ಕಾರು ತಯಾರಾದವು. 1994ರಲ್ಲಿ ಮುಚ್ಚಿದರು. ಮುಚ್ಚುವ ತೀರ್ಮಾನ ಕಂಪನಿಯದು. ಬೋಲ್ಟ್ ಯಾರು ಹಾಕಬೇಕು ಅನ್ನುವುದನ್ನು ಗುಂಪಿಗೆ ಬಿಟ್ಟಿದ್ದರು, ಕಾರ್ಖಾನೆ ಇರಬೇಕಾ ಬೇಡವಾ ಅನ್ನುವುದನ್ನು ಬಿಟ್ಟಿರಲಿಲ್ಲ.