ಅಲ್ಯೂಮಿನಿಯಂ ತ್ಯಾಜ್ಯದ ಮರುಬಳಕೆಯಲ್ಲಿ ಈಗ ಏನು ನಡೆಯುತ್ತಿದೆ? ಎಂ.ಟೆಕ್ ಪ್ರಾಜೆಕ್ಟಿಗೆ ರೆಡ್ ಮಡ್ (ಅಲ್ಯೂಮಿನಿಯಂ ಅದಿರು ಸಂಸ್ಕರಿಸಿದಾಗ ಉಳಿಯುವ ಕೆಂಪು ಕೆಸರು) ಇಟ್ಟಿಗೆ ಆದೀತೇ?

ಆಗುತ್ತದೆ. ಆದರೆ ರೆಡ್ ಮಡ್‌ಗೆ ಹಾರುಬೂದಿ ಬೆರೆಸಿ ಒತ್ತಿ, 28 ದಿನಕ್ಕೆ ಬಲ ಅಳೆಯುತ್ತೇನೆ ಎಂದಿದ್ದೀರಿ. ಕೆಸರಿನಲ್ಲಿ ಉಳಿದಿರುವ ಸೋಡದ ಮಾತೇ ಎತ್ತಿಲ್ಲ. ಕೆಲಸ ಕೆಡುವುದು ಅಲ್ಲೇ.

ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡದಲ್ಲಿ ಬೇಯಿಸಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತೆಗೆದಾಗ, ಟನ್ ಅಲ್ಯೂಮಿನಾಕ್ಕೆ ಹೆಚ್ಚುಕಮ್ಮಿ 1ರಿಂದ 1.5 ಟನ್ ಕೆಂಪು ಕೆಸರು ಉಳಿಯುತ್ತದೆ. ಎಷ್ಟು ತೊಳೆದರೂ ಅದರ ಪಿಎಚ್ 10ರ ಕೆಳಗಿಳಿಯುವುದು ಅಪರೂಪ. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಸರಿನ ಕಟ್ಟೆ ಒಡೆದು 10 ಜನ ಸತ್ತರು. ಎಷ್ಟೋ ಜನರ ಮೈ ಸುಟ್ಟದ್ದು ಈ ಕ್ಷಾರದಿಂದಲೇ.

ಸಂಶೋಧನೆಯಲ್ಲಿ ಸದ್ದು ಮಾಡುವುದು ಲೋಹ ತೆಗೆಯುವ ಕೆಲಸ. ಜರ್ಮನಿಯ ಡ್ಯೂಸೆಲ್ಡಾರ್ಫ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2024ರಲ್ಲಿ, ಆರ್ಕ್ ಕುಲುಮೆಯ ಹೈಡ್ರೋಜನ್ ಪ್ಲಾಸ್ಮಾದಲ್ಲಿ ಹತ್ತೇ ನಿಮಿಷಕ್ಕೆ ಕಬ್ಬಿಣ ಬೇರ್ಪಡಿಸಿ ತೋರಿಸಿದರು. ಗ್ರೀಸ್‌ನ ಕೆಸರಿನಲ್ಲಿ ಟನ್ನಿಗೆ ಸುಮಾರು 100 ಗ್ರಾಂ ಸ್ಕ್ಯಾಂಡಿಯಂ ಎಂಬ ದುಬಾರಿ ಲೋಹ ಇದೆ. ಅದರ ಮೇಲೂ ಬೇಕಾದಷ್ಟು ಕೆಲಸ ನಡೆದಿದೆ. ಸರಿ, 100 ಗ್ರಾಂ ತೆಗೆದಿರಿ, ಮಿಕ್ಕ 999.9 ಕಿಲೋ ಎಲ್ಲಿ ಸುರಿಯುತ್ತೀರಿ? ರಾಶಿ ನಿಜವಾಗಿ ಕರಗುತ್ತಿರುವುದು ಸಿಮೆಂಟಿನಲ್ಲಿ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯ ರೆಡ್ ಮಡ್ ಸಿಮೆಂಟ್ ಗೂಡುಗಳಿಗೆ ಹೋಗುತ್ತದೆ, ಅಲ್ಲಿ ಕಬ್ಬಿಣದ ಅಂಶಕ್ಕೆ ಬೇಕಾದ ಜಂಬಿಟ್ಟಿಗೆ ಕಲ್ಲಿನ ಬದಲು. ಆದರೂ ಕಚ್ಚಾ ಮಿಶ್ರಣದಲ್ಲಿ ಕೆಲವೇ ಶೇಕಡಾ. ಸೋಡ ಹೆಚ್ಚಾದರೆ ಗೂಡಿನ ಒಳಗೋಡೆಗೆ ಪದರ ಕಟ್ಟಿಕೊಳ್ಳುತ್ತದೆ, ಕಾಂಕ್ರೀಟಿನಲ್ಲಿ ಜಲ್ಲಿಯೊಡನೆ ಸೇರಿ ಬಿರುಕು ತರುತ್ತದೆ.

ಈಗ ನಿಮ್ಮ ಇಟ್ಟಿಗೆ. ಮಾದರಿಯನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಹೆಂಟೆ ಪುಡಿಮಾಡಿ ಜರಡಿ ಹಿಡಿಯಿರಿ. ಹೆಂಟೆ ಉಳಿದರೆ ಅಲ್ಲಿಂದಲೇ ಇಟ್ಟಿಗೆ ಸೀಳುತ್ತದೆ. ಆಮೇಲೆ ನೀರಲ್ಲಿ ಕಲಕಿ, ಸೋಸಿ, ಕರಗುವ ಕ್ಷಾರವನ್ನು ಆಮ್ಲ ಹಾಕಿ ಅಳೆಯಿರಿ. ವರದಿಯಲ್ಲಿ ಸೋಡಿಯಂ ಆಕ್ಸೈಡ್ 5% ಎಂದಿದ್ದರೆ ಕಿಲೋಗೆ 50 ಗ್ರಾಂ ಆಯಿತು, ಆದರೆ ಅದರ ಬಹುಪಾಲು ಸೋಡಲೈಟ್ ಎಂಬ ಖನಿಜದ ಹರಳಿನಲ್ಲಿ ಸಿಕ್ಕಿಕೊಂಡಿರುತ್ತದೆ. ಪೂರ್ತಿ 50 ಗ್ರಾಂ ಕೈಗೆ ಸಿಗುತ್ತದೆಂದು, ಮಿಶ್ರಣ ಗಟ್ಟಿಯಾಗಲು ಹೊರಗಿನಿಂದ ಬೆರೆಸುವ ಕಾಸ್ಟಿಕ್ ಕಡಿಮೆ ಮಾಡಿದರೆ ಇಟ್ಟಿಗೆ ಗಟ್ಟಿಯಾಗದು. ಹಾಗೆಂದು ಕಾಸ್ಟಿಕ್ ಜಾಸ್ತಿ ಸುರಿದರೆ ಮೈಮೇಲೆ ಬಿಳಿ ಉಪ್ಪು ಒಸರುತ್ತದೆ.

ನಾನಾದರೆ ಒಣಪುಡಿಯಲ್ಲಿ ರೆಡ್ ಮಡ್ 20, 30, 40 ಶೇಕಡಾ ಎಂದು ಮೂರು ಗುಂಪು ಮಾಡುತ್ತೇನೆ. ಮೂರರಲ್ಲೂ ಜಿಜಿಬಿಎಸ್ (ಕಬ್ಬಿಣದ ಊದುಕುಲುಮೆಯ ಗಸಿಯ ನುಣ್ಣನೆ ಪುಡಿ) 25%, ಉಳಿದದ್ದು ಹಾರುಬೂದಿ. ದ್ರಾವಣ 8 ಮೋಲಾರ್: 320 ಗ್ರಾಂ ಕಾಸ್ಟಿಕ್ ಸೋಡ ಕರಗಿ ಒಟ್ಟು ಒಂದು ಲೀಟರ್ ಆಗಬೇಕು. ಒಂದು ಲೀಟರ್ ನೀರಿಗೆ 320 ಗ್ರಾಂ ಹಾಕುವುದಲ್ಲ. ಈ ತಪ್ಪು ಪ್ರಬಂಧಗಳಲ್ಲೂ ಸಾಮಾನ್ಯ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ, ಎಂದೂ ಅದರ ಮೇಲೆ ನೀರು ಸುರಿಯಬೇಡಿ. ಹಿಂದಿನ ದಿನವೇ ಕದಡಿಟ್ಟರೆ ತಣಿದಿರುತ್ತದೆ. ಅಚ್ಚಿಗೆ ಹಾಕುವ ಮುನ್ನ, ದ್ರಾವಣ ಬೆರೆಸಿದ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ನಿಲ್ಲಬೇಕು, ಕೈ ಒದ್ದೆಯಾಗಬಾರದು (ಕೈಗವಸು ಹಾಕಿಯೇ). ಜಿಜಿಬಿಎಸ್ ತೀರಾ ಏರಿಸಿದರೆ ಒತ್ತುವ ಮೊದಲೇ ಬಿಗಿಯುತ್ತದೆ. ಪ್ಲಾಸ್ಟಿಕ್ ಸುತ್ತಿ 60 ಡಿಗ್ರಿಯಲ್ಲಿ ಒಂದು ದಿನ ಇಡಿ. ಸುತ್ತದಿದ್ದರೆ ತೇವ ಹಾರಿ ಕೂದಲೆಳೆ ಬಿರುಕು ಖಚಿತ.

28ನೇ ದಿನದ ಬಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇಟ್ಟಿಗೆ ಪರೀಕ್ಷೆಯ ಭಾರತೀಯ ಮಾನಕ ಐಎಸ್ 3495ರ ಮೂರನೇ ಭಾಗದ ಉಪ್ಪೊಸರುವ ಪರೀಕ್ಷೆ: 25 ಮಿ.ಮೀ. ನೀರಲ್ಲಿ ಇಟ್ಟಿಗೆ ನಿಲ್ಲಿಸಿ, ನೀರು ಹೀರಿ ಆರಿದ ಮೇಲೆ ಮತ್ತೊಮ್ಮೆ ಅಷ್ಟೇ ನೀರು. ಇನ್ನೊಂದು, ಇಟ್ಟಿಗೆಯ ಪುಡಿ ನೆನೆಸಿದ ನೀರಿನ ಪಿಎಚ್. ಜಿಪ್ಸಂ ಅಥವಾ ಇಂಗಾಲದ ಡೈಆಕ್ಸೈಡಿನಿಂದ ಕೆಸರಿನ ಕ್ಷಾರ ಇಳಿಸಿ ಬಳಸುವವರೂ ಇದನ್ನು ಬಿಡಬಾರದು. ಇಳಿಸಿದ ದಿನ 8.5 ತೋರಿಸಿದ ಪಿಎಚ್ ಕೆಲವು ವಾರದಲ್ಲಿ ಮತ್ತೆ ಏರುತ್ತದೆ, ಏಕೆಂದರೆ ಸೋಡಲೈಟ್ ನಿಧಾನಕ್ಕೆ ಕರಗುತ್ತಲೇ ಇರುತ್ತದೆ.

ಬಾಕ್ಸೈಟಿನ ಥೋರಿಯಂ, ಯುರೇನಿಯಂ ಕೆಸರಿನಲ್ಲೇ ಸಾಂದ್ರವಾಗುವುದರಿಂದ ಗಾಮಾ ವಿಕಿರಣದ ಅಳತೆಯೂ ಬೇಕು. ಕಿಲೋಗೆ ಬೆಕೆರೆಲ್ (ವಿಕಿರಣಶೀಲತೆಯ ಮಾನ) ಲೆಕ್ಕದಲ್ಲಿ ರೇಡಿಯಂ (ಯುರೇನಿಯಂನಿಂದ ಹುಟ್ಟುವುದು)/300, ಥೋರಿಯಂ/200, ಪೊಟ್ಯಾಸಿಯಂ/3000 ಕೂಡಿಸಿ. 1 ದಾಟಿದರೆ ಮನೆಗೋಡೆಗೆ ಬೇಡ, ರಸ್ತೆಬದಿಯಲ್ಲಿ ಹಾಸಲು ನೋಡಿ.

ಸ್ಮೆಲ್ಟರಿನ (ಅಲ್ಯೂಮಿನಿಯಂ ಲೋಹ ತೆಗೆಯುವ ಕಾರ್ಖಾನೆಯ) ಡ್ರಾಸ್ ಅಂದರೆ ಕರಗಿದ ಲೋಹದ ಮೇಲಿನ ಕೆನೆಗಸಿ, ಹಳೆಯ ಪಾಟ್‌ಲೈನಿಂಗ್ ಅಂದರೆ ವಿದ್ಯುತ್ ತೊಟ್ಟಿಯ ಸವೆದ ಒಳಪದರ, ಇವುಗಳ ಬಗ್ಗೆಯೂ ಕೇಳಿದ್ದೀರಿ. ಕಾಲೇಜು ಲ್ಯಾಬಿನಲ್ಲಿ ಮುಟ್ಟಬೇಡಿ. ಡ್ರಾಸ್‌ಗೆ ನೀರು ತಾಗಿದರೆ ಅಮೋನಿಯಾ, ಹೈಡ್ರೋಜನ್ ಏಳುತ್ತವೆ. ಪಾಟ್‌ಲೈನಿಂಗಿನಲ್ಲಿ ಫ್ಲೋರೈಡ್ ಜೊತೆಗೆ ಸಯನೈಡ್ ಇರುತ್ತದೆ.